ಚಿಕ್ಕಪ್ಪನ ಹಿಮ ತಪಾಸಣೆ

ಅಮೆರಿಕದ ಹಿಮವನ್ನು ಮೈಸೂರಿನ ಗೋಕುಲಂನಲ್ಲಿ, ತಮ್ಮ ಮನೆಯ ಸೋಫಾ ಮೇಲೆ ಕುಳಿತು, "ಕಳಪೆ ಕಾಮಗಾರಿ" ಎಂದು ತಿರಸ್ಕರಿಸಿದ ಮನುಷ್ಯ ಇಡೀ ಭೂಮಂಡಲದಲ್ಲಿ ಒಬ್ಬರೇ ಇರಬೇಕು. ಅವರು ನನ್ನ ಚಿಕ್ಕಪ್ಪ! ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ಅವರನ್ನು ಕಣ್ಣಾರೆ ಕಂಡವರೇ ಎಷ್ಟೋ ಸಲ ನಂಬಿಲ್ಲ.

ಚಿಕ್ಕಪ್ಪ ಸರ್ಕಾರಿ ಎಂಜಿನಿಯರ್ ಆಗಿದ್ದವರು. ಕಟ್ಟುವ ಎಂಜಿನಿಯರ್ ಅಲ್ಲ, ಬೇರೆಯವರು ಕಟ್ಟಿದ್ದನ್ನು ಪರೀಕ್ಷೆ ಮಾಡುವ ಎಂಜಿನಿಯರ್. ಸೇತುವೆ, ಶಾಲೆ, ಮೋರಿ, ನೀರಿನ ಟ್ಯಾಂಕು, ಯಾವುದೇ ಆಗಲಿ, ಇವರು ಹೋಗಿ ಬೆರಳಿನ ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟಿ, ಕಿವಿಯಿಟ್ಟು ಕೇಳಿ, "ಹೂಂ" ಅಂದರೆ ಕಂಟ್ರಾಕ್ಟರಿಗೆ ಹೋದ ಜೀವ ಬರುತ್ತಿತ್ತು. "ಊಹೂಂ" ಅಂದರೆ ಬಂದ ಜೀವ ಹೋಗುತ್ತಿತ್ತು. ನಿವೃತ್ತಿಯ ದಿನ ಎಲ್ಲರೂ ಸೇರಿ ಹಾರ ಹಾಕಿದರು. ಚಿಕ್ಕಪ್ಪ ಹಾರದ ದಾರವನ್ನು ಎರಡು ಕೈಯಲ್ಲಿ ಎಳೆದು ನೋಡಿ, "ನೂಲಲ್ಲಿ ಶಕ್ತಿ ಇಲ್ಲ ಕಣ್ರೀ" ಎಂದು ಹೇಳಿಯೇ ಮನೆಗೆ ಬಂದರು. ಕೆಲಸ ಅವರನ್ನು ಬಿಟ್ಟಿತೇ ಹೊರತು ಅವರು ಕೆಲಸ ಬಿಡಲಿಲ್ಲ.

ಹೋಟೆಲಿನಲ್ಲಿ ದೋಸೆ ಬಂದರೆ ಅದನ್ನು ಬೆಳಕಿಗೆ ಹಿಡಿದು ದಪ್ಪ ಒಂದೇ ಸಮ ಇದೆಯೇ ಎಂದು ನೋಡುತ್ತಾರೆ. ಮದುವೆ ಮನೆಯಲ್ಲಿ ಚಪ್ಪರದ ಕಂಬ ಅಲ್ಲಾಡಿಸಿದ ಮೇಲೆಯೇ ಅಕ್ಷತೆಗೆ ಕೈ ಹಾಕುತ್ತಾರೆ. ನನಗೆ ಹೆಣ್ಣು ನೋಡಲು ಸರಸ್ವತಿಪುರಂಗೆ ಹೋಗಿದ್ದಾಗ ಏನಾಯಿತು ಗೊತ್ತೆ? ಹುಡುಗಿ ಕಾಫಿ ತಂದು ನಿಂತಿದ್ದಾಳೆ. ಎಲ್ಲರೂ ಹುಡುಗಿಯ ಕಡೆ ನೋಡುತ್ತಿದ್ದರೆ ನಮ್ಮ ಚಿಕ್ಕಪ್ಪ ಅವಳಿಗೆ ಬೆನ್ನು ಮಾಡಿ ಗೋಡೆ ತಟ್ಟುತ್ತಿದ್ದಾರೆ! ಆಮೇಲೆ ನನ್ನ ಕಿವಿಯಲ್ಲಿ, ಆದರೆ ಇಡೀ ಬೀದಿಗೆ ಕೇಳುವಂತೆ ಹೇಳಿದರು: "ಗಾರೆ ಚೆನ್ನಾಗಿ ಕೂತಿದೆ ಕಣೋ. ನೀರು ಹೊಡೆದು ಕಾದಿದ್ದಾರೆ, ಆತುರ ಬಿದ್ದಿಲ್ಲ. ಇಂಥವರು ಮಕ್ಕಳನ್ನೂ ಸರಿಯಾಗಿ ಬೆಳೆಸಿರ್ತಾರೆ. ಒಪ್ಪಿಗೆ ಅಂದ್ಬುಡು." ನಾನು ಅಂದೆ. ನನ್ನ ಹೆಂಡತಿ ಇವತ್ತಿಗೂ, "ನೀವೆಲ್ಲಿ ನನ್ನ ಒಪ್ಪಿದ್ರಿ, ನಮ್ಮಪ್ಪನ ಮನೆ ಗೋಡೆ ಒಪ್ಪಿದ್ರಿ" ಎಂದು ಚುಚ್ಚುತ್ತಾಳೆ.

ಇಂಥ ಮನುಷ್ಯನಿಗೆ ಒಬ್ಬಳೇ ಮಗಳು, ಚೈತ್ರಾ. ನನಗೆ ಒಡಹುಟ್ಟಿದ ತಂಗಿಯ ಹಾಗೇ. ಸರಸ್ವತಿಪುರಂನ ಒಂದು ಟ್ಯುಟೋರಿಯಲ್‌ನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತಾಳೆ. ನಮ್ಮ ಮನೆಯೂ ಅಲ್ಲೇ ಹತ್ತಿರವಾದ್ದರಿಂದ ಮಧ್ಯಾಹ್ನ ಊಟಕ್ಕೆ ಬರುತ್ತಾಳೆ. ದಸರಾ ಮುಗಿದ ಹೊಸದರಲ್ಲಿ ಒಂದು ದಿನ ಊಟಕ್ಕೆ ಕೂತವಳು ಅನ್ನ ಕಲಸುತ್ತಲೇ ಇದ್ದಾಳೆ, ಬಾಯಿಗೆ ಹೋಗುತ್ತಿಲ್ಲ.

"ಅಣ್ಣ, ನಮ್ಮಲ್ಲಿ ಫಿಜಿಕ್ಸ್ ಮಾಡೋ ಆನಂದ್ ಸರ್ ಇದ್ದಾರಲ್ಲ…"

"ಏನಾಯ್ತು ಆನಂದ್ ಸರ್‌ಗೆ?"

"ಅವರಿಗೇನೂ ಆಗಿಲ್ಲ. ಆಗಿರೋದು ನನಗೆ."

ನನ್ನ ಹೆಂಡತಿ ಸಾರಿನ ಪಾತ್ರೆ ಹಿಡಿದುಕೊಂಡೇ ಪಕ್ಕದಲ್ಲಿ ಕೂತುಬಿಟ್ಟಳು. ವಿಷಯ ಇಷ್ಟು: ಹುಡುಗ ಒಳ್ಳೆಯವನು, ಹುಡುಗನಿಗೂ ಇವಳೆಂದರೆ ಪ್ರಾಣ. ಆದರೆ ಹುಡುಗ ಕ್ರಿಶ್ಚಿಯನ್. ನಮ್ಮದೋ, ತಲೆತಲಾಂತರದಿಂದ ಮಠಕ್ಕೆ ನಡೆದುಕೊಳ್ಳುವ ಮನೆತನ. ಚಿಕ್ಕಪ್ಪ ಬೆಳಿಗ್ಗೆ ಹಣೆಗೆ ವಿಭೂತಿ ಇಟ್ಟು ಪೂಜೆ ಮುಗಿಸದೆ ಒಂದು ಗುಟುಕು ನೀರು ಕುಡಿಯುವವರಲ್ಲ. ಕ್ರಿಸ್‌ಮಸ್ ಎಂದರೆ ನಮ್ಮ ಪಾಲಿಗೆ ಬ್ಯಾಂಕಿಗೆ ರಜೆ, ಅಷ್ಟೇ.

"ಅಪ್ಪ ಒಪ್ಪದೆ ನಾನು ಮದುವೆ ಆಗಲ್ಲ ಅಣ್ಣ. ಹಾಗಂತ ಬೇರೆ ಯಾರನ್ನೂ ಆಗಲ್ಲ" ಎಂದಳು ಚೈತ್ರಾ. ಹಟದಿಂದ ಹೇಳಿದ ಮಾತಲ್ಲ ಅದು. ಅವಳ ಕಣ್ಣು ತುಂಬಿತ್ತು. ಅವಳಿಗೆ ಎರಡೂ ಬೇಕಾಗಿತ್ತು, ಆನಂದನೂ ಬೇಕು, ಅಪ್ಪನೂ ಬೇಕು.

"ಹೇಳಿಬಿಡು ಮತ್ತೆ" ಎಂದೆ.

"ಬಾಯಲ್ಲಿ ಹೇಳಿದ್ದನ್ನ ಅಪ್ಪ ಯಾವತ್ತು ನಂಬಿದ್ದಾರೆ? ಕಣ್ಣಲ್ಲಿ ನೋಡ್ಬೇಕು ಅವರು. ಅದಕ್ಕೇ ಒಂದು ಸಿನಿಮಾ ಹುಡುಕಿದ್ದೀನಿ. ಪೂರ್ತಿ ಕ್ರಿಸ್‌ಮಸ್. ಒಳ್ಳೇ ಜನ, ಒಳ್ಳೇ ಮನೆ, ಒಳ್ಳೇ ಪ್ರೀತಿ. ಮೊದಲು ಅದನ್ನ ತೋರ್ಸೋಣ. ಮನಸ್ಸು ಸ್ವಲ್ಪ ಮೆತ್ತಗಾದ್ಮೇಲೆ ವಿಷಯ ಎತ್ತೋಣ."

"ಮುತ್ತುಗಿತ್ತು ಇದೆಯೇನಮ್ಮ ಅದರಲ್ಲಿ?"

"ಕೊನೇಲಿ ಒಂದೇ ಒಂದು. ಅಷ್ಟು ಹೊತ್ತಿಗೆ ಅಪ್ಪ ನಿದ್ದೆ ಮಾಡಿರ್ತಾರೆ."

ಈ ಬಗೆಯ ಸಿನಿಮಾ ನೀವು ನೋಡಿಲ್ಲವಾದರೆ ಸ್ವಲ್ಪ ಹೇಳಿಬಿಡುತ್ತೇನೆ. ಒಂದನ್ನು ನೋಡಿದರೆ ಎಲ್ಲವನ್ನೂ ನೋಡಿದ ಹಾಗೆ, ಅದೇ ಇವುಗಳ ಅನುಕೂಲ! ದೊಡ್ಡ ಊರಿನ ದೊಡ್ಡ ಆಫೀಸಿನಲ್ಲಿ ಒಬ್ಬ ಹುಡುಗಿ. ಅವಳಿಗೆ ಯಾವುದಕ್ಕೂ ಪುರುಸೊತ್ತಿಲ್ಲ. ಕ್ರಿಸ್‌ಮಸ್ಸಿಗೆ ಹುಟ್ಟಿದೂರಿಗೆ ಬರುತ್ತಾಳೆ. ಅಲ್ಲಿ ಅಜ್ಜಿಯ ಕಾಲದ ಬೇಕರಿ ಮುಚ್ಚುವ ಸ್ಥಿತಿಗೆ ಬಂದಿರುತ್ತದೆ. ಪಕ್ಕದಲ್ಲೇ ಚೌಕಳಿ ಅಂಗಿಯ ಹುಡುಗನೊಬ್ಬ ಕ್ರಿಸ್‌ಮಸ್ ಮರ ಮಾರುತ್ತಿರುತ್ತಾನೆ. ಇಬ್ಬರೂ ಮೊದಲು ಡಿಕ್ಕಿ ಹೊಡೆಯುತ್ತಾರೆ, ಆಮೇಲೆ ಜಗಳವಾಡುತ್ತಾರೆ, ಆಮೇಲೆ ಒಟ್ಟಿಗೆ ಬಿಸ್ಕತ್ತು ಬೇಯಿಸುತ್ತಾರೆ. ಕೊನೆಗೆ ಬೇಕರಿ ಉಳಿಯುತ್ತದೆ, ಹಿಮ ಬೀಳುತ್ತದೆ, ಮುತ್ತು ಕೊಡುತ್ತಾರೆ, ಮುಗಿಯಿತು. ಖಳನಾಯಕನಿಲ್ಲ, ಹೊಡೆದಾಟವಿಲ್ಲ. ಸಿನಿಮಾ ತೆಗೆದವರ ಹತ್ತಿರ ದುಡ್ಡೂ ಇಲ್ಲ! ಊರೆಂದರೆ ಒಂದೇ ಬೀದಿ. ಜನಜಂಗುಳಿ ಎಂದರೆ ಅದೇ ಏಳೆಂಟು ಮಂದಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಓಡಾಡುತ್ತಿರುತ್ತಾರೆ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಚಿಕ್ಕಪ್ಪನ ಮನೆಯಲ್ಲಿ ಪ್ರದರ್ಶನ. ಚಿಕ್ಕಪ್ಪ, ಚಿಕ್ಕಮ್ಮ, ಚೈತ್ರಾ, ನಾನು. ಸಿನಿಮಾ ಶುರುವಾಗಿ ಹುಡುಗಿ ಹುಟ್ಟಿದೂರಿಗೆ ಬಂದು ಕಾರಿನಿಂದ ಇಳಿದಳು, ಅಷ್ಟೇ.

"ನಿಲ್ಸಮ್ಮ" ಅಂದರು ಚಿಕ್ಕಪ್ಪ.

ಚೈತ್ರಾ ಗಾಬರಿಯಿಂದ ನಿಲ್ಲಿಸಿದಳು.

"ಆ ಮನೆ ಸೂರು ನೋಡು. ಮುಂದ್ಗಡೆ ಮಾತ್ರ ಹಿಮ ಇದೆ, ಪಕ್ಕದ ಇಳಿಜಾರಲ್ಲಿ ಇಲ್ವೇ ಇಲ್ಲ. ಬೀಳೋ ಹಿಮ ಬೀದಿ ಕಡೆ ಯಾವ್ದು ಅಂತ ನೋಡ್ಕೊಂಡು ಬೀಳುತ್ತಾ?"

"ಅಪ್ಪಾ, ಅದು ಸಿನಿಮಾ."

"ಸಿನಿಮಾ ಆದ್ರೇನು, ಬಿಲ್ ಮಾಡಿರೋದು ಪೂರ್ತಿ ಸೂರಿಗೆ ತಾನೆ?"

ಅಲ್ಲಿಂದ ಮುಂದೆ ಕಥೆಯನ್ನು ಯಾರು ನೋಡಿದರು! ನಾಯಕನ ಬಾಯಿಂದ ಹಬೆ ಬರುತ್ತಿಲ್ಲ. "ನಮ್ಮ ಚಾಮುಂಡಿ ಬೆಟ್ಟದಲ್ಲೇ ಡಿಸೆಂಬರ್ ಬೆಳಿಗ್ಗೆ ಬಾಯಲ್ಲಿ ಹೊಗೆ ಬರುತ್ತೆ, ಇವನಿಗೆ ಬರಲ್ವಂತೆ!" ಉಣ್ಣೆಯ ಟೊಪ್ಪಿಗೆಯ ಕೆಳಗೆ ಅವನ ಹಣೆ ಬೆವರುತ್ತಿದೆ. ಹಿಂದುಗಡೆ ಮರಗಳಲ್ಲಿ ಹಸಿರು ಎಲೆ ನಳನಳಿಸುತ್ತಿದೆ. "ಇದು ಪಕ್ಕಾ ಬೇಸಿಗೇಲಿ ತೆಗ್ದಿರೋದು ಕಣೋ. ಪಾಪ, ಬೆಂದ್ಬುಟ್ಟಿದ್ದಾನೆ ಹುಡುಗ!"

ಚಿಕ್ಕಮ್ಮನ ಚಿಂತೆಯೇ ಬೇರೆ. "ಅಲ್ಲಾ, ಆ ಮಗಾ ಅಷ್ಟು ದೂರದಿಂದ ಬಂದೈತೆ, ಊಟ ಆಯ್ತಾ ಅಂತ ಒಬ್ರಾದ್ರೂ ಕೇಳಿದ್ರಾ? ಬೆಳಿಗ್ಗೆಯಿಂದ ಬರೀ ಬಿಸ್ಕತ್ತಲ್ಲೇ ಸಾಗ್ಸ್ತಾವ್ರೆ. ಅನ್ನ ಸಾರು ಇಲ್ಲದ ಮನೆ ಎಂಗಮ್ಮ ಉದ್ಧಾರ ಆಯ್ತದೆ?"

ಚೈತ್ರಾ ಧೈರ್ಯ ಮಾಡಿ ವಿಷಯಕ್ಕೆ ಬಂದಳು. "ಅಪ್ಪಾ, ಜನ ಎಷ್ಟು ಒಳ್ಳೆಯವರು ನೋಡಿ. ಧರ್ಮ ಬೇರೆ ಆದ್ರೇನು, ನಮ್ಮ ಹಾಗೇ ಅಲ್ವಾ?"

"ಜನ ಒಳ್ಳೆಯವರೇ ಕಣಮ್ಮ. ಕಂಟ್ರಾಕ್ಟರ್ ಸರಿ ಇಲ್ಲ."

ಕೊನೆಯ ಮುತ್ತು ಬಂತು. ಚಿಕ್ಕಪ್ಪ ನಿದ್ದೆ ಮಾಡಿರಲಿಲ್ಲ! ಚಿಕ್ಕಮ್ಮ, "ಕಾಫಿಗಿಡ್ತೀನಿ" ಎಂದು ಎದ್ದು ಹೋದರು. ನಾನು ಫ್ಯಾನು ನೋಡತೊಡಗಿದೆ. ಚೈತ್ರಾ ಸೋಫಾದ ದಿಂಬಿನ ಹಿಂದೆ ಅಡಗಿದಳು. ಚಿಕ್ಕಪ್ಪ ಮಾತ್ರ ಕನ್ನಡಕ ಮೇಲೇರಿಸಿ, ಸೋಫಾದಿಂದೆದ್ದು ಕುರ್ಚಿಯೊಂದನ್ನು ಟೀವಿಗೆ ಅಂಟಿಸಿಕೊಂಡು, ಬಾಗಿ ಬಾಗಿ ನೋಡುತ್ತಿದ್ದಾರೆ. "ಈಗ ಸರಿಯಾಗಿ ಸಿಕ್ಬಿದ್ದ. ಹತ್ತಿರದಿಂದ ತೋರಿಸ್ತಿದ್ದಾನೆ. ಅವಳ ಕೂದಲ ಮೇಲಿರೋ ಹಿಮ ನೋಡ್ರೋ, ಇಷ್ಟು ಹೊತ್ತಾದ್ರೂ ಕರಗ್ತಿಲ್ಲ! ಹತ್ತಿ ಅದು!"

ಯೋಜನೆ ನೆಲಕಚ್ಚಿತು ಎಂದು ನಾವು ಕೈಬಿಟ್ಟೆವು. ಆದರೆ ಮಾರನೆಯ ದಿನ ಬೆಳಿಗ್ಗೆಯೇ ಚಿಕ್ಕಪ್ಪನ ಫೋನು.

"ಅಲ್ಲೇ ಇನ್ನೊಂದು ಕ್ರಿಸ್‌ಮಸ್ ಸಿನಿಮಾ ಇತ್ತು, ನೋಡಿದೆ ಕಣೋ. ಬೇರೆ ಹುಡುಗ, ಬೇರೆ ಹುಡುಗಿ. ಮೆಟ್ಟಲು ಅದೇ!"

"ಯಾವ ಮೆಟ್ಟಲು ಚಿಕ್ಕಪ್ಪ?"

"ನಿನ್ನೆ ಆ ಹುಡುಗಿ ಅಳ್ತಾ ಕೂತಿದ್ಳಲ್ಲ, ಅದೇ ಮೆಟ್ಟಲ ಮೇಲೆ ಇವತ್ತು ಇನ್ನೊಬ್ಳು ಅಳ್ತಿದ್ದಾಳೆ. ಕಂಬಿ ಮೇಲೆ ಬಣ್ಣ ಎದ್ದಿರೋ ಜಾಗಾನೂ ಅದೇ!"

ಮುಗಿಯಿತು! ಚಿಕ್ಕಪ್ಪನಿಗೆ ಹುಚ್ಚು ಹಿಡಿಯಿತು. ಪೂಜೆ, ತಿಂಡಿ, ಆಮೇಲೆ ಕ್ರಿಸ್‌ಮಸ್. ಮೈಸೂರಿನಲ್ಲಿ ದೀಪಾವಳಿಯ ಪಟಾಕಿ ಹಾರುತ್ತಿರುವಾಗ ಇವರ ಮನೆಯ ಟೀವಿಯಲ್ಲಿ ಗಂಟೆ ಬಾರಿಸುತ್ತಿತ್ತು. ಯಾವ ಊರಿನ ಬೇಕರಿ ಯಾವ ಸಿನಿಮಾದಲ್ಲಿ ಹೂವಿನ ಅಂಗಡಿಯಾಗಿದೆ, ಯಾವ ಅಜ್ಜಿ ಎರಡು ಸಿನಿಮಾದಲ್ಲಿ ಬೇರೆ ಬೇರೆಯವರಿಗೆ ಅಜ್ಜಿಯಾಗಿದ್ದಾಳೆ ಎಲ್ಲಾ ಬಾಯಿಪಾಠ. ಕೆಲವನ್ನು ಮುಗಿಯುವ ತನಕ ನೋಡಿ, ಮತ್ತೆ ಹಿಂದಕ್ಕೆ ಓಡಿಸಿ ನೋಡುತ್ತಿದ್ದರಂತೆ. ಯಾಕೆ ಎಂದು ಕೇಳಿದರೆ, "ನೋಡೋಣ ಇರು" ಎನ್ನುವುದು ಬಿಟ್ಟರೆ ಬೇರೆ ಉತ್ತರವಿಲ್ಲ. ಆ ಪರಿ ನೋಡುವಂಥದ್ದು ಅದರಲ್ಲಿ ಏನಿದೆ ಎಂದು ನನಗೂ ಕುತೂಹಲ ಹುಟ್ಟಿತು. ಒಂದು ದಿನ ಮನೆಯಲ್ಲಿ ಯಾರಿಗೂ ಹೇಳದೆ ನಾನೂ ಒಂದನ್ನು ಹಾಕಿಕೊಂಡೆ. ಶುರುವಿನಲ್ಲೇ ಕೊನೆ ಗೊತ್ತಾಯಿತು. ಆದರೂ ಎದ್ದು ಹೋಗಲು ಆಗಲಿಲ್ಲವಲ್ಲ, ಯಾಕೆ? ಆಫೀಸಿಗೆ ತಡವಾಗಿ ಹೋಗಿ ಟ್ರಾಫಿಕ್ ಮೇಲೆ ಹಾಕಿದೆ.

ನೋಡಿದ್ದು ಸಾಲದೆಂದು ಚಿಕ್ಕಪ್ಪ ಪ್ರಯೋಗಕ್ಕೂ ಇಳಿದರು. ಹಳೆಯ ಹಾಸಿಗೆ ಬಿಚ್ಚಿ, ಕಾಂಪೌಂಡಿನ ದಾಸವಾಳದ ಗಿಡಕ್ಕೆ ಒಂದು ಕಡೆ ಹತ್ತಿ, ಇನ್ನೊಂದು ಕಡೆ ಸೋಪಿನ ನೊರೆ, ಕೆಳಗೆ ಕಲ್ಲುಪ್ಪು ಹಾಕಿ, ಯಾವುದು ದೂರದಿಂದ ಹಿಮದಂತೆ ಕಾಣುತ್ತದೆಂದು ಗೇಟಿನ ಆಚೆ ನಿಂತು ನೋಡುತ್ತಿದ್ದರು. ಅಳಿಲುಗಳು ಅರ್ಧ ಹತ್ತಿಯನ್ನು ಗೂಡಿಗೆ ಒಯ್ದವು. ನೊರೆ ಹಾರಿಹೋಯಿತು. ಉಪ್ಪಿಗೆ ದಾಸವಾಳ ಬಾಡಿತು, ಚಿಕ್ಕಮ್ಮನ ಪೂಜೆಗೆ ಹೂವಿಲ್ಲದಂತಾಯಿತು. "ಗಿಡ ಸಾಯ್ಸಿಬುಟ್ರಲ್ಲ, ನಿಮ್ಮ ಹಿಮಕ್ಕಿಷ್ಟು!" ಎಂದು ಅವರ ಸಹಸ್ರನಾಮ ಶುರುವಾಯಿತು. ಈ ಗಲಾಟೆಯ ನಡುವೆ ಯೋಗ ಕಲಿಯಲು ಬಂದಿರುವ ಕೆಲವು ವಿದೇಶಿಯರು ಚಾಪೆ ಹೆಗಲಿಗೆ ಹಾಕಿಕೊಂಡು ಆ ದಾರಿಯಲ್ಲಿ ಬಂದರು. ಹತ್ತಿ ಸುತ್ತಿದ ಗಿಡ, ಉಪ್ಪಿನ ವೃತ್ತ, ವಿಭೂತಿ ಇಟ್ಟ ಹಿರಿಯರು! ಯಾವುದೋ ಪುರಾತನ ಆಚರಣೆ ಎಂದುಕೊಂಡು ಭಕ್ತಿಯಿಂದ ಕೈಮುಗಿದು ಫೋಟೋ ತೆಗೆದುಕೊಂಡು ಹೋದರು.

ಆಗ ಚಿಕ್ಕಪ್ಪನಿಗೆ ಹೊಳೆದದ್ದು ಮೇಲಿನ ಮನೆಯ ಬಾಡಿಗೆದಾರರು. ಆಕೆ ಕೆನಡಾದವರು, ಐವತ್ತರ ಹತ್ತಿರದ ಹೆಂಗಸು, ಯೋಗ ಕಲಿಯಲು ಬಂದು ಇಲ್ಲೇ ಬೇರು ಬಿಟ್ಟವರು. ಹಿಮದ ನಾಡಿನವರಿಗಿಂತ ಒಳ್ಳೆಯ ತಜ್ಞರು ಬೇಕೆ? ಚಿಕ್ಕಪ್ಪ ಅವರನ್ನು ಕರೆದು ಕೂರಿಸಿ, ಚಿಕ್ಕಮ್ಮನ ಕೈಯಲ್ಲಿ ಚಕ್ಕುಲಿ ಕೊಡಿಸಿ, ಅದೇ ಮೊದಲ ಸಿನಿಮಾ ಹಾಕಿದರು. ಸಾಕ್ಷಿಯಾಗಿ ನನ್ನನ್ನೂ ಕರೆಸಿದ್ದರು.

"ಮೇಡಂ, ಯು ಟೆಲ್. ದಿಸ್ ಸ್ನೋ ಈಸ್ ಆ್ಯಸ್ ಪರ್ ಸ್ಪೆಸಿಫಿಕೇಷನ್?"

ಮೇಡಂ ಕಡೆ ನೋಡಿದರೆ ಕೈಯಲ್ಲಿ ಅರ್ಧ ಚಕ್ಕುಲಿ, ಕಣ್ಣಲ್ಲಿ ಧಾರಾಕಾರ ನೀರು. ಚಿಕ್ಕಪ್ಪ ನನ್ನ ಕಡೆ ತಿರುಗಿ ಗಂಭೀರವಾಗಿ, "ನೋಡ್ದಾ, ಅವರ ಊರಿನ ಹಿಮಕ್ಕೆ ಮಾಡಿರೋ ಅನ್ಯಾಯ ನೋಡಿ ಹೊಟ್ಟೆ ಉರೀತಿದೆ ಅವರಿಗೆ" ಎಂದರು.

ಆಕೆ ಕಣ್ಣೊರೆಸಿಕೊಂಡು ಹೇಳಿದ್ದೇ ಬೇರೆ. ಪ್ರತಿ ವರ್ಷ ಅಮ್ಮನ ಜೊತೆ ಕೂತು ಇಂಥವನ್ನೇ ನೋಡುತ್ತಿದ್ದರಂತೆ. ಇಬ್ಬರೂ ಗೇಲಿ ಮಾಡಿ ಮಾಡಿ ನಗುತ್ತಿದ್ದರಂತೆ. ಹಿಮ ಸುಳ್ಳು, ಊರು ಸುಳ್ಳು ಎಂದು ಅಲ್ಲಿ ಮಕ್ಕಳಿಗೂ ಗೊತ್ತು. ಇಬ್ಬರೂ ಸೇರುತ್ತಾರೆ ಎಂದು ಮೊದಲೇ ಗೊತ್ತು. ಗೊತ್ತಿರುವುದರಿಂದಲೇ ನೋಡುವುದು, ಭಯವಿಲ್ಲದೆ ನೋಡಬಹುದಲ್ಲ, ಎಂದರು.

ಚಿಕ್ಕಪ್ಪ ಬಹಳ ಹೊತ್ತು ಗಡ್ಡ ಕೆರೆದುಕೊಂಡರು. "ಅಂದ್ರೆ, ಟೆಂಡರ್ ಕರೆಯೋಕೆ ಮುಂಚೇನೇ ಕೆಲಸ ಯಾರಿಗೆ ಅಂತ ತೀರ್ಮಾನ ಆಗಿರುತ್ತೆ!" ಎಂದು ಕೊನೆಗೆ ತಮಗೆ ತಿಳಿಯುವ ಭಾಷೆಯಲ್ಲಿ ಹೇಳಿಕೊಂಡರು. ಹೋಗುವಾಗ ಮೇಡಂ, ತಮ್ಮ ಹತ್ತಿರ ಇದ್ದ ಕೆಂಪು ಸ್ವೆಟರ್ ಒಂದನ್ನು, ಎದೆಯ ಮೇಲೆ ಬಿಳಿ ಜಿಂಕೆ ಇರುವಂಥದ್ದು, ಚಿಕ್ಕಪ್ಪನಿಗೆ ಉಡುಗೊರೆಯಾಗಿ ಕೊಟ್ಟರು. ಚಿಕ್ಕಪ್ಪ ಅದರ ಹೊಲಿಗೆ ಎಳೆದು ನೋಡಿ, "ಹೂಂ" ಅಂದರು.

ಇತ್ತ ಚೈತ್ರಾ ಸೊರಗುತ್ತಿದ್ದಳು. ಡಿಸೆಂಬರ್ ಬಂದಿತ್ತು. ಆನಂದನ ತಾಯಿ, "ಹಬ್ಬಕ್ಕೆ ನಿಮ್ಮ ಅಪ್ಪ ಅಮ್ಮನ್ನ ಕರ್ಕೊಂಡು ಬಾಮ್ಮ, ಎಷ್ಟು ದಿನ ಅಂತ ಹೀಗೆ?" ಎಂದು ಕೇಳುತ್ತಿದ್ದರಂತೆ. "ನಾನು ಯಾಕಾದ್ರೂ ಆ ಸಿನಿಮಾ ತೋರಿಸಿದೆನೋ ಅಣ್ಣ. ಅಪ್ಪನಿಗೆ ಹತ್ತಿ ಕಾಣುತ್ತೆ, ಉಪ್ಪು ಕಾಣುತ್ತೆ, ನಾನು ಕಾಣಲ್ಲ" ಎಂದು ನಮ್ಮ ಅಡುಗೆಮನೆಯಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ನನ್ನ ಹೆಂಡತಿಯೂ ಜೊತೆಗೆ ಅತ್ತಳು. ನನಗೆ ಚಿಕ್ಕಪ್ಪನ ಮೇಲೆ ನಿಜವಾಗಿ ಸಿಟ್ಟು ಬಂತು. ನೆಟ್ಟಗೆ ಹೋಗಿ ಹೇಳಿಬಿಡೋಣವೆಂದು ಅವತ್ತು ಸಂಜೆಯೇ ಚೈತ್ರಾಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಗೋಕುಲಂಗೆ ಹೋದೆ.

ನಾನು ಬಾಯಿ ತೆಗೆಯುವ ಮೊದಲೇ ಚಿಕ್ಕಪ್ಪ, "ಬಂದ್ಯಾ? ಇಷ್ಟೆಲ್ಲಾ ಸುಳ್ಳು ಕ್ರಿಸ್‌ಮಸ್ ನೋಡಾಯ್ತು. ಒಂದು ನಿಜವಾದದ್ದು ನೋಡ್ಬೇಕಲ್ಲ. ಚೈತ್ರಾ, ನಿಮ್ಮ ಟ್ಯುಟೋರಿಯಲ್‌ನಲ್ಲಿ ಯಾರಾದ್ರೂ ಇದ್ದಾರಾ ಕ್ರಿಶ್ಚಿಯನ್ನರು?" ಅಂದರು.

ಚೈತ್ರಾ ಬಿಳಿಚಿಕೊಂಡಳು. "ಇ… ಇದ್ದಾರೆ ಅಪ್ಪಾ. ಫಿಜಿಕ್ಸ್ ಸರ್."

"ಹಬ್ಬದ ದಿನ ಬರಬಹುದಾ ಕೇಳು."

ಹೀಗೆ ಕ್ರಿಸ್‌ಮಸ್ ದಿನ ಮಧ್ಯಾಹ್ನ ನಾವು ನಾಲ್ವರು ಬನ್ನಿಮಂಟಪದ ಕಡೆ ಇರುವ ಆನಂದನ ಮನೆಗೆ ಹೊರಟೆವು. ಚಿಕ್ಕಮ್ಮ ರೇಷ್ಮೆ ಸೀರೆಯುಟ್ಟು, ಡಬ್ಬಿಯ ತುಂಬ ಒಬ್ಬಟ್ಟು ತುಂಬಿಕೊಂಡಿದ್ದರು. ಚಿಕ್ಕಪ್ಪ? ಪಂಚೆ, ಹಣೆಗೆ ವಿಭೂತಿ, ಮೈಮೇಲೆ ಜಿಂಕೆಯ ಸ್ವೆಟರ್! ಸುಡುಬಿಸಿಲು. "ಅಲ್ಲಿ ಎಲ್ಲರೂ ಹಾಕ್ಕೊಂಡಿರ್ತಾರೆ, ನಾವು ಹಾಕದೆ ಹೋದ್ರೆ ಅವರಿಗೆ ಅವಮಾನ" ಎಂಬುದು ಅವರ ವಾದ. ಆಟೋದಲ್ಲಿ ದಾರಿಯುದ್ದಕ್ಕೂ ಬೆವರು ಒರೆಸಿಕೊಂಡರು.

ಮನೆ ಮುಂದೆ ರಂಗೋಲಿ, ನಡುವೆ ಒಂದು ದೊಡ್ಡ ನಕ್ಷತ್ರ. ಬಾಗಿಲಿಗೆ ಮಾವಿನ ಎಲೆಯ ತೋರಣ. ಆನಂದ ಮತ್ತು ಅವನ ತಂದೆ ತಾಯಿ ಕೈಮುಗಿದು ನಿಂತಿದ್ದರು. ಇನ್ನೇನು ಹೊಸ್ತಿಲು ದಾಟಬೇಕು, ಚಿಕ್ಕಪ್ಪ ಬ್ರೇಕು ಹಾಕಿದಂತೆ ನಿಂತು, ಚಿಕ್ಕಮ್ಮನ ತೋಳು ಹಿಡಿದು ಹಿಂದಕ್ಕೆ ಎಳೆದರು.

"ನಿಲ್ಲೇ! ಜೊತೇಲಿ ಹೋಗ್ಬೇಡ. ಸೊಪ್ಪು ಕಟ್ಟಿದ್ದಾರೆ!"

ನಿಮಗೆ ಗೊತ್ತಿಲ್ಲದಿರಬಹುದು. ಆ ಸಿನಿಮಾಗಳಲ್ಲಿ ಬಾಗಿಲ ಮೇಲೆ ಒಂದು ಹಸಿರು ಸೊಪ್ಪಿನ ಗೊಂಚಲು ಕಟ್ಟಿರುತ್ತಾರೆ. 'ಗಂಡು ಹೆಣ್ಣು ಒಟ್ಟಿಗೆ ಅದರ ಕೆಳಗೆ ಬಂದು ನಿಂತರೆ ಮುತ್ತು ಕೊಡಲೇಬೇಕು' ಎಂಬುದು ಅಲ್ಲಿಯ ಪದ್ಧತಿ. ಇದನ್ನು ಹತ್ತಾರು ಸಲ ಕಂಡು ಮನದಟ್ಟು ಮಾಡಿಕೊಂಡಿದ್ದ ಚಿಕ್ಕಪ್ಪ ಬೀಗರ ಮನೆಯಂಥ ಮನೆಯ ಬಾಗಿಲಲ್ಲಿ ಹೆಂಡತಿಯ ಮಾನ ಕಾಪಾಡುತ್ತಿದ್ದರು!

"ಮಾವಿನ ತೋರಣ ಕಣ್ರೀ ಅದು. ನಮ್ಮನೇಲೂ ಕಟ್ತೀವಲ್ಲ!" ಎಂದರು ಚಿಕ್ಕಮ್ಮ.

"ನಮ್ಮನೇಲಿ ಕಟ್ಟೋದು ಬೇರೆ, ಇವರ ಮನೇಲಿ ಕಟ್ಟೋದು ಬೇರೆ. ನೀನು ಒಬ್ಳೇ ದಾಟಿ ಆ ಕಡೆ ನಿಂತ್ಕೊ. ಆಮೇಲೆ ನಾನು ಬರ್ತೀನಿ."

ಅಷ್ಟರಲ್ಲಿ ಡಬ್ಬಿ ತೆಗೆದುಕೊಳ್ಳಲು ಆನಂದ ಮುಂದೆ ಬಂದ, ಕೊಡಲು ಚೈತ್ರಾ ಮುಂದೆ ಹೋದಳು. ಇಬ್ಬರೂ ಸರಿಯಾಗಿ ತೋರಣದ ಕೆಳಗೆ! "ಏಯ್, ನೀವಿಬ್ರೂ ಅಲ್ಲಿ ನಿಲ್ಬೇಡಿ!" ಎಂದು ಚಿಕ್ಕಪ್ಪ ಕೂಗಿದರು. ಇಬ್ಬರೂ ಬೆಚ್ಚಿಬಿದ್ದು ಆಚೆಗೊಬ್ಬರು ಈಚೆಗೊಬ್ಬರು ಹಾರಿದರು. ಒಬ್ಬಟ್ಟಿನ ಡಬ್ಬಿಯನ್ನು ನಾನು ಹಿಡಿದುಕೊಂಡದ್ದರಿಂದ ಹಬ್ಬ ಉಳಿಯಿತು.

ಆನಂದನ ತಂದೆ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ನಗು ತಡೆದುಕೊಂಡು, "ಸಾರ್, ಇದು ಬರೀ ತೋರಣ. ಹಬ್ಬ ಅಲ್ವಾ, ಕಟ್ಟಿದ್ದೀವಿ. ಇಬ್ಬರೂ ಜೊತೆಯಾಗೇ ಬನ್ನಿ" ಎಂದರು. ಚಿಕ್ಕಪ್ಪ ಒಳಗೆ ಬಂದು ಸುತ್ತಲೂ ಕಣ್ಣಾಡಿಸಿದರು. ಯಾರ ಮೈಮೇಲೂ ಸ್ವೆಟರ್ ಇಲ್ಲ. ಅಡುಗೆಮನೆಯಿಂದ ಏಲಕ್ಕಿ, ತುಪ್ಪದ ವಾಸನೆ. ತಟ್ಟೆಯಲ್ಲಿ ಕರಿದ ಸಿಹಿತಿಂಡಿ, ಕೋಡುಬಳೆ. ಆನಂದನ ತಾಯಿ ಆಡಿದ ಮೊದಲ ಮಾತೇ, "ಊಟ ಮಾಡ್ಕೊಂಡೇ ಹೋಗ್ಬೇಕು. ನಿಮಗೇಂತ ಹೊಸ ಪಾತ್ರೇಲಿ ತರಕಾರಿ ಪಲಾವ್ ಮಾಡಿದ್ದೀನಿ." ಚಿಕ್ಕಮ್ಮ ಆ ಕ್ಷಣವೇ ಸೋತರು. ಬಿಸ್ಕತ್ತಿನ ಮನೆಗಳನ್ನು ನೋಡಿ ನೋಡಿ ನೊಂದಿದ್ದ ಜೀವ, ಸೀದಾ ಅಡುಗೆಮನೆಗೆ ನಡೆಯಿತು.

ನಡುಮನೆಯ ಮೂಲೆಯಲ್ಲಿ ಗೋದಲಿ ಕಟ್ಟಿದ್ದರು. ಬಾಲಯೇಸು ಹುಟ್ಟಿದ ದನದ ಕೊಟ್ಟಿಗೆಯ ಪುಟ್ಟ ರೂಪ ಅದು. ಮಣ್ಣಿನ ಗೋಡೆ, ಹುಲ್ಲಿನ ಸೂರು, ಮುಂದೆ ಹಸಿರಾಗಿ ಬೆಳೆದ ರಾಗಿ ಪೈರು. ಚಿಕ್ಕಪ್ಪನ ಮುಖ ಅರಳಿತು. ಹೋಗಿ ಮುಂದೆ ಕುಕ್ಕರಗಾಲಲ್ಲಿ ಕೂತರು. "ನಿಜವಾದ ಪೈರು! ನಿಜವಾದ ಹುಲ್ಲು! ಸೂರು ಎರಡೂ ಕಡೆ ಹೊದಿಸಿದ್ದಾರೆ!" ಎಂದು ಉದ್ಗರಿಸಿ, ನಾನು ಕೈ ಹಿಡಿಯುವುದರೊಳಗೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟಿಯೇಬಿಟ್ಟರು.

ಸೂರು ಕುಸಿಯಿತು! ಬಾಲಯೇಸು, ಕುರಿ, ದನ, ಎಲ್ಲವೂ ಹುಲ್ಲಿನಡಿ!

ಚೈತ್ರಾಳ ಮುಖ ನೋಡಲಾಗಲಿಲ್ಲ. ಮದುವೆ ಮಾತು ಎತ್ತುವ ದಿನವೇ ಹೆಣ್ಣಿನ ಅಪ್ಪ ಗಂಡಿನ ಮನೆಯ ದೇವರ ಮೇಲೆ ಸೂರು ಕೆಡವಿದರೆ ಇನ್ನು ಉಳಿಯುವುದೇನು?

ಮೇಷ್ಟ್ರು ಬಂದು ಪಕ್ಕದಲ್ಲಿ ಕೂತರು. "ಬಿಡಿ ಸಾರ್, ಪ್ರತಿ ವರ್ಷ ನಾನೇ ಕಟ್ಟೋದು, ಪ್ರತಿ ವರ್ಷ ತಾನೇ ಬೀಳುತ್ತೆ. ಈ ವರ್ಷ ನೀವು ಬೀಳಿಸಿದ್ದೀರಿ, ಅಷ್ಟೇ ವ್ಯತ್ಯಾಸ!" ಎಂದು ಜೋರಾಗಿ ನಕ್ಕರು.

"ತೊಲೆ ಅಡ್ಡ ಕೊಡದೆ ಇಟ್ಟಿದ್ದೀರಿ ಮೇಷ್ಟ್ರೇ. ಪೊರಕೆ ಕಡ್ಡಿ, ದಾರ ತರ್ಸಿ" ಎಂದರು ಚಿಕ್ಕಪ್ಪ. ಬಾಲಯೇಸುವನ್ನು ಎರಡೂ ಕೈಯಲ್ಲಿ ಎತ್ತಿ, ಪಂಚೆಯ ಅಂಚಿನಿಂದ ಧೂಳು ಒರೆಸಿ, ಕಣ್ಣಿಗೊತ್ತಿಕೊಂಡು ಪಕ್ಕಕ್ಕೆ ಇಟ್ಟರು. ಆನಂದ ಕಡ್ಡಿ ತಂದ. ಚಿಕ್ಕಪ್ಪ ಹೇಳಿದಂತೆ ಅವನು ಹಿಡಿದುಕೊಂಡ, ಇವರು ಕಟ್ಟಿದರು. ಮೇಷ್ಟ್ರು ಹುಲ್ಲು ಹೊದಿಸಿದರು. ಚೈತ್ರಾ ಗೋಡೆಗೆ ಒರಗಿ ನಿಂತಿದ್ದಳು. ತಡೆಯಲಾರದೆ, "ಅಪ್ಪಾ, ನಿಮಗೊಂದು ಮಾತು ಹೇಳ್ಬೇಕು" ಎಂದಳು.

ಚಿಕ್ಕಪ್ಪ ದಾರದ ಗಂಟು ಬಿಗಿಯುತ್ತಲೇ, "ಗೊತ್ತಮ್ಮ" ಎಂದರು.

"ಏನ್ ಗೊತ್ತು?"

"ಮೊದಲನೇ ಭಾನುವಾರವೇ ಗೊತ್ತಾಯ್ತು. ನೀನು ಸಿನಿಮಾ ತೋರಿಸ್ತೀನಿ ಅಂತ ಕೂತು, ಒಂದು ಸಲಾನೂ ಟೀವಿ ನೋಡ್ಲಿಲ್ಲ. ನನ್ನ ಮುಖಾನೇ ನೋಡ್ತಿದ್ದೆ, ಧರ್ಮ ಬೇರೆ ಆದ್ರೇನು ಅಂತ ಬೇರೆ ಕೇಳ್ದೆ. ಅಷ್ಟೂ ತಿಳಿಯದಷ್ಟು ದಡ್ಡನಾ ನಿಮ್ಮಪ್ಪ? ಟ್ಯುಟೋರಿಯಲ್ ಹತ್ರ ಬಂದು, ನಿನ್ನ ಜೊತೆ ಮಾತಾಡ್ತಾ ನಿಂತಿದ್ದ ಹುಡುಗನ್ನೂ ನೋಡ್ಬುಟ್ಟು ಹೋದೆ."

ಆನಂದನ ಕೈಯಲ್ಲಿದ್ದ ಕಡ್ಡಿ ಅಲ್ಲಾಡಿತು. "ನೀನು ನೆಟ್ಟಗೆ ಹಿಡ್ಕೊಳಪ್ಪ" ಎಂದರು ಚಿಕ್ಕಪ್ಪ.

ನನಗೆ ತಡೆಯಲಾಗಲಿಲ್ಲ. "ಮತ್ತೆ ಅಷ್ಟೊಂದು ಸಿನಿಮಾ ಯಾಕೆ ನೋಡಿದ್ರಿ ಚಿಕ್ಕಪ್ಪ? ಹಿಮ, ಹತ್ತಿ, ಮೆಟ್ಟಲು…"

ಚಿಕ್ಕಪ್ಪ ಕೈಯಲ್ಲಿದ್ದ ದಾರವನ್ನು ಕೆಳಗಿಟ್ಟರು.

"ಹುಡುಗಿ ಅಪ್ಪ ಏನ್ಮಾಡ್ತಾನೆ ಅಂತ ನೋಡ್ತಿದ್ದೆ ಕಣೋ. ಇಂಥದಕ್ಕೆಲ್ಲ ನನಗೇನು ಗೊತ್ತು? ನಮ್ಮ ಕಡೆ ಯಾರೂ ಮಾಡಿಲ್ಲ. ಯಾರನ್ನ ಕೇಳ್ಲಿ? ಅವರಾದ್ರೂ ತೋರಿಸ್ತಾರೇನೋ ಅಂತ ನೋಡ್ದೆ. ಶುರುವಿನಲ್ಲಿ ಅಪ್ಪ ಬಂದು ಬಾಗಿಲು ತೆಗೀತಾನೆ. ನಡುವೆ ಒಂದ್ಸಲ ಲೋಟ ಹಿಡ್ಕೊಂಡು ನಗ್ತಾನೆ. ಕೊನೇಲಿ ಎಲ್ಲಾ ಸೇರ್ತಾರಲ್ಲ, ಅಜ್ಜಿ ಇರ್ತಾಳೆ, ನಾಯೀನೂ ಇರುತ್ತೆ. ಅಪ್ಪ ಇರಲ್ಲ. ಹಿಂದಕ್ಕೆ ಓಡಿಸಿ ಓಡಿಸಿ ನೋಡ್ದೆ. ಒಂದರಲ್ಲೂ ಇಲ್ಲ. ಎಲ್ಲಿಗೆ ಹೋದ ಅವನು?"

"ಆ ನಟನ್ನ ಕೊನೆವರೆಗೂ ಇಟ್ಕೊಳ್ಳೋಕೆ ಅವರ ಹತ್ರ ದುಡ್ಡಿರಲ್ಲ ಚಿಕ್ಕಪ್ಪ" ಎಂದೆ.

"ಇರಬಹುದು" ಎಂದರು. ಆಮೇಲೆ ಮಗಳ ಕಡೆ ತಿರುಗಿದರು. ಬೆವರಿಳಿಯುತ್ತಿದ್ದ ಮುಖ, ವಿಭೂತಿ ಅಳಿಸಿಹೋಗಿತ್ತು. "ಮಠದಲ್ಲಿ ನಾನು ಮಾತಾಡ್ತೀನಿ ಚೈತ್ರಾ. ನೆಂಟರು ಏನಾದ್ರೂ ಅಂದ್ಕೊಳ್ಲಿ, ಅದನ್ನೂ ನಾನು ನೋಡ್ಕೋತೀನಿ. ಹುಡುಗ ಒಳ್ಳೆಯವನು, ಮನೆ ಒಳ್ಳೇದು. ನಂದು ಒಂದೇ ಭಯ. ಇವರ ಕಡೆ ಸೇರ್ಬುಟ್ಟ ಮೇಲೆ, ಬಾಗಿಲು ತೆಗೆದು ಕೊಟ್ಟಾಯ್ತಲ್ಲ ಅಂತ, ಇನ್ನು ಅಪ್ಪ ಯಾಕೆ ಅಂತ…"

ಅಡುಗೆಮನೆಯಿಂದ ಬಂದ ಇಬ್ಬರು ತಾಯಂದಿರೂ ಬಾಗಿಲಲ್ಲೇ ನಿಂತರು.

ತಿಂಗಳುಗಟ್ಟಲೆ ಅಪ್ಪನ ಮುಂದೆ ಹೇಳಲೆಂದು ಚೈತ್ರಾ ಎಷ್ಟು ಮಾತು ಕಟ್ಟಿಕೊಂಡಿದ್ದಳು! ಒಂದೂ ಬರಲಿಲ್ಲ. ಬಂದು ಅವರ ಪಕ್ಕ ನೆಲದ ಮೇಲೆ ಕೂತು, ಸಣ್ಣ ಮಗುವಿನ ಹಾಗೆ ಅವರ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಎಲ್ಲೂ ಹೋಗ್ಬೇಡಿ ಅಪ್ಪಾ" ಎಂದಳು.